ಮನೆಮಂದಿಯೊಡನೆ ಮೃಗಾಲಯಕ್ಕೆ

ಬೇಸಗೆಯ ರಜೆ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ಮೈಸೂರಿಗೆ ಯಾವಾಗ?" ಎಂಬುದು. ಹಿರಿಯರಿಗೆ ಮೈಸೂರೆಂದರೆ ಅರಮನೆ, ಚಾಮುಂಡಿಬೆಟ್ಟ, ದಸರೆ. ಮಕ್ಕಳಿಗೆ ಮೈಸೂರೆಂದರೆ ಮೃಗಾಲಯ. ಉಳಿದುದೆಲ್ಲ ಮೃಗಾಲಯಕ್ಕೆ ಹೋಗುವ ದಾರಿಯಲ್ಲಿ ಸಿಕ್ಕುವ ಅಡ್ಡಿಗಳು, ಅಷ್ಟೆ.

ಟಿಕೆಟು ಕೊಂಡು ಒಳಹೊಕ್ಕು ಸುತ್ತಿ ಹೊರಬರುವುದಕ್ಕೆ ಯೋಜನೆಯೇಕೆ ಎಂದು ಕೇಳುವವರಿದ್ದಾರೆ. ಮೊನ್ನೆಮೊನ್ನೆಯವರೆಗೆ ನಾನೂ ಆ ಗುಂಪಿನವನೇ ಆಗಿದ್ದೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದವನು ನಾನು. ವರ್ಷವರ್ಷವೂ ಐವತ್ತು ಅರವತ್ತು ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸಿ, ಎಣಿಸಿ ಇಳಿಸಿ, ಒಂದೂ ಕಳೆಯದಂತೆ ಊರಿಗೆ ಮುಟ್ಟಿಸಿದ್ದೇನೆ. ಹೀಗಿರುವಾಗ ಮನೆಯ ಐದು ಮಂದಿ ಯಾವ ಲೆಕ್ಕ ಎಂಬ ಧೈರ್ಯ ನನ್ನದು. ಆ ಧೈರ್ಯ ಹೇಗೆ ಕರಗಿತೆಂಬುದನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ನಾವು ಹೊರಟವರು ಐವರು: ನಾನು, ನನ್ನ ಮನೆಯವರು, ಎಪ್ಪತ್ತೆಂಟು ವರ್ಷದ ನನ್ನ ತಾಯಿ, ಹನ್ನೊಂದು ವರ್ಷದ ತಮ್ಮನ ಮಗಳು, ಆರು ವರ್ಷದ ಮೊಮ್ಮಗ. ಶಾಲೆಯ ವೇಳಾಪಟ್ಟಿಯಂತೆಯೇ ಒಂದು ಪಟ್ಟಿ ಮಾಡಿದ್ದೆ. ಬೆಳಿಗ್ಗೆ ಮೃಗಾಲಯ, ಹನ್ನೊಂದಕ್ಕೆ ಅರಮನೆ, ಒಂದಕ್ಕೆ ಊಟ, ಎರಡಕ್ಕೆ ಬೆಟ್ಟ, ಸಂಜೆಗೆ ಬೃಂದಾವನ. ಮೃಗಾಲಯಕ್ಕೆ ದೊರೆತದ್ದು ಎರಡೂವರೆ ಗಂಟೆ. "ಬನ್ನಿ ಬನ್ನಿ, ಮುಂದೆ ಇನ್ನೂ ಇದೆ" ಎಂಬ ಮಾತನ್ನು ಆ ದಿನ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಪ್ರಾಣಿಗಳು ನಮ್ಮನ್ನು ನೋಡಿದುವೇ ಹೊರತು ನಾವು ಪ್ರಾಣಿಗಳನ್ನು ನೋಡಲಿಲ್ಲ. ಅಮ್ಮನಿಗೆ ಮೊಣಕಾಲಿನ ನೋವು. "ನೀನಿಲ್ಲಿ ಕೂತಿರಮ್ಮ, ಒಂದು ಸುತ್ತು ಹಾಕಿ ಬಂದುಬಿಡುತ್ತೇವೆ" ಎಂದು ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂರಿಸಿ, ಹೊರೆಯೆಲ್ಲವನ್ನೂ ಅವಳ ಪಕ್ಕದಲ್ಲಿಟ್ಟು ನಡೆದೆವು.

ಅಂದು ರಾತ್ರಿ ನೆಂಟರ ಮನೆಯಲ್ಲಿ ಹಾಸಿಗೆ ಬಿಡಿಸುತ್ತ, "ಹೇಗಿತ್ತಮ್ಮ ಮೃಗಾಲಯ?" ಎಂದು ಕೇಳಿದೆ. ಅವಳು ಸಿಟ್ಟಿಲ್ಲದ ದನಿಯಲ್ಲೇ ಹೇಳಿದಳು: "ನೀವು ಹುಲಿ ಕಂಡಿರಿ, ಸಿಂಹ ಕಂಡಿರಿ. ನಾನು ಕಂಡದ್ದು ಐದು ಚೀಲ." ಉತ್ತರ ಹುಡುಕುತ್ತಿರುವಾಗಲೇ ಮೊಮ್ಮಗ ಹೊದಿಕೆಯೊಳಗಿನಿಂದ ತಲೆ ಹೊರಗೆ ಹಾಕಿ, "ತಾತ, ಆ ಹುಲಿ ಏನು ತಪ್ಪು ಮಾಡಿತ್ತು?" ಎಂದ. ತಪ್ಪೇಕೆ ಮಾಡಬೇಕು ಎಂದರೆ, "ಮತ್ತೆ ಒಳಗೆ ಹಾಕಿದ್ದಾರಲ್ಲ!" ಎಂದ. "ಮಲಗು, ನಾಳೆ ಹೇಳುತ್ತೇನೆ" ಎಂದೆ. ಆ ನಾಳೆ ಬರುವುದಕ್ಕೆ ಒಂದು ವರ್ಷ ಹಿಡಿಯಿತು. ಮರುವರ್ಷ ಹೊರಡುವಾಗ ಹಳೆಯ ಪಟ್ಟಿಯನ್ನು ಹರಿದುಹಾಕಿ, ಹೊಸದನ್ನು ಎಲ್ಲರೂ ಕೂಡಿ ಬರೆದೆವು. ಆ ಎರಡನೆಯ ಭೇಟಿಯಿಂದ ಕಲಿತದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ. ಮೈಸೂರಿನ ಮೃಗಾಲಯ 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ಸ್ವಂತ ಸಂಗ್ರಹವಾಗಿ ಸುಮಾರು ಹತ್ತು ಎಕರೆಯಲ್ಲಿ ಆರಂಭವಾಯಿತು. 1909ರಲ್ಲಿ ಅದಕ್ಕೆ ಚಾಮರಾಜೇಂದ್ರ ಮೃಗಾಲಯವೆಂದು ಹೆಸರಾಯಿತು. 1948ರಲ್ಲಿ ಅರಮನೆಯಿಂದ ಸರ್ಕಾರದ ವಶಕ್ಕೆ ಬಂದು, 1979ರಿಂದೀಚೆಗೆ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿದೆ. ಪಕ್ಕದಲ್ಲಿಯೇ ಕಾರಂಜಿ ಕೆರೆ. ಕೆರೆಯ ಆಚೆಯ ದಡದಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ಇದು 1995ರಲ್ಲಿ ತೆರೆದದ್ದು. ದೆಹಲಿಯಲ್ಲಿ 1978ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದ ಅಂಗಸಂಸ್ಥೆ. ಮೃಗಾಲಯವನ್ನು ಕಾಣದೆ ಮೈಸೂರಿನಿಂದ ಹಿಂದಿರುಗುವವರು ಕಡಮೆ. ಈ ಸಂಗ್ರಹಾಲಯವನ್ನು ಕಂಡು ಹಿಂದಿರುಗುವವರು ಇನ್ನೂ ಕಡಮೆ. ಇವೆರಡನ್ನೂ ಒಂದೇ ದಿನ, ಒಂದರ ಹಿಂದೆ ಒಂದರಂತೆ ನೋಡಬೇಕೆಂಬುದು ನನ್ನ ಸಲಹೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ದಿನದ ಆಯ್ಕೆ. ಮೃಗಾಲಯಕ್ಕೆ ವಾರದ ರಜೆ ಮಂಗಳವಾರ, ಸಂಗ್ರಹಾಲಯಕ್ಕೆ ಸೋಮವಾರ. ಈ ಸಣ್ಣ ಸಂಗತಿ ತಿಳಿಯದೆ ಬಾಗಿಲವರೆಗೆ ಬಂದು, ಮುಚ್ಚಿದ ಗೇಟಿನ ಮುಂದೆ ಮಕ್ಕಳನ್ನು ಸಂತೈಸುತ್ತ ನಿಂತ ತಂದೆತಾಯಂದಿರನ್ನು ನಾನೇ ಕಂಡಿದ್ದೇನೆ. ಮೃಗಾಲಯಗಳು ವಾರಕ್ಕೊಂದು ದಿನವಾದರೂ ಬಾಗಿಲು ಮುಚ್ಚಬೇಕೆಂಬುದು ನಿಯಮ. ನಮಗೆ ಭಾನುವಾರ ಹೇಗೋ ಪ್ರಾಣಿಗಳಿಗೆ ಮಂಗಳವಾರ ಹಾಗೆ. ಸಾವಿರಾರು ಕಣ್ಣುಗಳ ಮುಂದೆ ಆರು ದಿನ ಕಳೆದ ಜೀವಕ್ಕೆ ಒಂದು ದಿನದ ಏಕಾಂತ ಬೇಡವೇ? ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಹೇಳಿದರೆ, ನೋಡಲು ಹೋಗುತ್ತಿರುವುದು ಬೊಂಬೆಗಳನ್ನಲ್ಲ, ದಣಿಯುವ ಜೀವಿಗಳನ್ನು ಎಂಬ ತಿಳಿವಳಿಕೆ ಮನೆಯಲ್ಲೇ ಹುಟ್ಟುತ್ತದೆ. ಆದ್ದರಿಂದ ಉಳಿದ ಐದು ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸಾಧ್ಯವಿದ್ದವರು ಶನಿವಾರ ಭಾನುವಾರಗಳನ್ನೂ ಬಿಡಬೇಕು. ದಸರೆಯ ದಿನಗಳಲ್ಲಿಯೂ ಡಿಸೆಂಬರಿನ ಕೊನೆಯ ವಾರದಲ್ಲಿಯೂ ಹೋದರೆ ಮುಂದಿನವರ ಬೆನ್ನಲ್ಲದೆ ಬೇರೆ ಪ್ರಾಣಿ ಕಾಣುವುದು ಕಷ್ಟ. ಟಿಕೆಟಿನ ದರವೂ ರಜೆಯ ಕ್ರಮವೂ ಆಗಾಗ ಬದಲಾಗುವುದುಂಟು. ಹೊರಡುವ ಹಿಂದಿನ ದಿನ ಮೃಗಾಲಯದ ಜಾಲತಾಣವನ್ನು ಮನೆಯ ಕಿರಿಯರಿಂದ ಒಮ್ಮೆ ನೋಡಿಸಿಕೊಳ್ಳುವುದು ಲೇಸು. ಟಿಕೆಟನ್ನು ಅಲ್ಲಿಯೇ ಕೊಳ್ಳಲೂಬಹುದು.

ಮೃಗಾಲಯದ ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿಗೆ ನಾವು ಅಲ್ಲಿರಬೇಕು. ಮಲಗಿದ ಹುಲಿಯನ್ನು ಕಂಡು "ಎಬ್ಬಿಸಿ ಅದನ್ನು" ಎಂದು ಹಟ ಹಿಡಿಯದ ಮಗುವಿಲ್ಲ. ಹುಲಿ, ಸಿಂಹ, ಚಿರತೆಗಳೆಲ್ಲ ಮುಂಜಾವದ ಮತ್ತು ಮುಸ್ಸಂಜೆಯ ಪ್ರಾಣಿಗಳು. ಬಿಸಿಲೇರಿದ ಮೇಲೆ ನೆರಳು ಹುಡುಕಿ ಮಲಗುವುದು ಅವುಗಳ ಸ್ವಭಾವ. ಸಿಂಹವಂತೂ ದಿನದ ಬಹುಭಾಗವನ್ನು ಮಲಗಿಯೇ ಕಳೆಯುತ್ತದೆ. ಸೋಮಾರಿತನವೆಂದು ಅದನ್ನು ಹಳಿಯುವಂತಿಲ್ಲ. ಬೇಟೆಯ ಪ್ರಾಣಿ ತನ್ನ ಶಕ್ತಿಯನ್ನು ಬೇಟೆಗೆಂದು ಕೂಡಿಟ್ಟುಕೊಳ್ಳುವ ಬಗೆ ಅದು. ಬೆಳಗಿನ ತಂಪಿನಲ್ಲಿ ಹೋದವರಿಗೆ ಅವು ಎದ್ದು ಅಡ್ಡಾಡುವುದು ಕಾಣುತ್ತದೆ, ಹಕ್ಕಿಗಳ ಗದ್ದಲ ಕೇಳುತ್ತದೆ. ಮಕ್ಕಳ ಕಾಲೂ ಮನಸ್ಸೂ ಆಗ ತಾಜಾ ಆಗಿರುತ್ತವೆ. ದೂರದ ಊರಿನವರು ಹಿಂದಿನ ಸಂಜೆಯೇ ಮೈಸೂರು ಸೇರಿ ನೆಂಟರಿಷ್ಟರ ಮನೆಯಲ್ಲಿಯೋ ಛತ್ರದಲ್ಲಿಯೋ ತಂಗುವುದು ಇದಕ್ಕಾಗಿಯೇ ಒಳ್ಳೆಯದು.

ಮುಖ್ಯವಾದ ಮಾತು ಮುಂದಿನದು. ಎಷ್ಟು ನೋಡಬೇಕು? ಎಲ್ಲವನ್ನೂ ನೋಡಬೇಕೆಂಬ ಹಟವೇ ನನ್ನ ಮೊದಲ ಭೇಟಿಯನ್ನು ಕೆಡಿಸಿದ್ದು. ಪೂರ್ತಿ ಸುತ್ತಿದರೆ ಎರಡು ಮೂರು ಕಿಲೋಮೀಟರಿನ ನಡಿಗೆ. ಆರು ವರ್ಷದ ಕಾಲಿಗೆ ಅದು ದೊಡ್ಡ ದಾರಿ, ಎಪ್ಪತ್ತೆಂಟರ ಕಾಲಿಗೆ ಇನ್ನೂ ದೊಡ್ಡದು. ಎರಡನೆಯ ಸಲ ನಾವು ಒಂದು ಕಟ್ಟು ಮಾಡಿಕೊಂಡೆವು: ಮನೆಯ ಒಬ್ಬೊಬ್ಬರೂ ಎರಡೆರಡು ಪ್ರಾಣಿಗಳನ್ನು ಆರಿಸಬೇಕು, ಅವುಗಳ ಮುಂದೆ ಸಾವಕಾಶವಾಗಿ ನಿಲ್ಲಬೇಕು, ಉಳಿದವು ದಾರಿಯಲ್ಲಿ ಕಂಡರೆ ಕಂಡುವು. ಮೊಮ್ಮಗ ಹುಲಿಯನ್ನೂ ಜಿರಾಫೆಯನ್ನೂ ಆರಿಸಿದ. ತಮ್ಮನ ಮಗಳು ಸಿಂಗಳೀಕ ಮತ್ತು ನೀರ್ಗುದುರೆ. ನನ್ನ ಮನೆಯವರು ಆನೆ ಮತ್ತು ನವಿಲು. ನಾನು ಖಡ್ಗಮೃಗ ಮತ್ತು ಮೊಸಳೆ. ಅಮ್ಮ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಕಾಟಿ ಇದೆಯೇನೋ ಅಲ್ಲಿ?" ಎಂದು ಕೇಳಿದಳು. ಕಾಟಿಯೆಂದರೆ ಕಾಡೆಮ್ಮೆ, ಕಾಡುಕೋಣ. ಅವಳ ತವರು ಸಕಲೇಶಪುರದ ಕಡೆಯ ಮಲೆನಾಡು. ಇದೆಯಮ್ಮ ಎಂದೆ. "ಹಾಗಾದರೆ ಅದೊಂದು ಸಾಕು" ಎಂದಳು.

ಹೀಗೆ ಆರಿಸುವುದರಲ್ಲಿ ಒಂದು ಲಾಭವಿದೆ. ತಾನು ಆರಿಸಿದ ಪ್ರಾಣಿಯ ವಿಷಯದಲ್ಲಿ ಮಗುವಿಗೆ ಒಂದು ಬಗೆಯ ಯಜಮಾನಿಕೆ ಬರುತ್ತದೆ. ಅದರ ಬಗ್ಗೆ ತಾನೇ ನಾಲ್ಕು ವಿಷಯ ತಿಳಿದು ಉಳಿದವರಿಗೆ ಹೇಳಬೇಕೆಂಬ ಆಸೆ ಹುಟ್ಟುತ್ತದೆ. ಜಿರಾಫೆಯ ಅಷ್ಟುದ್ದದ ಕತ್ತಿನಲ್ಲಿಯೂ ನಮ್ಮ ಕತ್ತಿನಲ್ಲಿರುವಷ್ಟೇ ಮೂಳೆಗಳು, ಏಳೇ ಏಳು, ಎಂಬುದನ್ನು ಹುಡುಗ ಪುಸ್ತಕದಿಂದ ಅರಿತು, ದಾರಿಯುದ್ದಕ್ಕೂ ನಮ್ಮೆಲ್ಲರ ಕತ್ತನ್ನು ಮುಟ್ಟಿ ಎಣಿಸುತ್ತ ಬಂದ. ನೀರ್ಗುದುರೆಯ ಚರ್ಮದಿಂದ ಕೆಂಪು ಬಣ್ಣದ ದ್ರವವೊಂದು ಒಸರುತ್ತದೆ, ಅದು ರಕ್ತವೂ ಅಲ್ಲ, ಬೆವರೂ ಅಲ್ಲ, ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪ ಎಂಬ ಸಂಗತಿ ತಮ್ಮನ ಮಗಳ ಪಾಲಿನದು. ಸಿಂಗಳೀಕ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಮಾತ್ರ ಇದೆ ಎಂಬುದನ್ನೂ ಅವಳೇ ಹೇಳಿದಳು. ಆಫ್ರಿಕದ ಜಿರಾಫೆಗೆ ಮುಗಿಬಿದ್ದು ನಮ್ಮ ಘಟ್ಟದ ಈ ಕೋತಿಯನ್ನು ದಾಟಿಹೋಗುವವರೇ ಹೆಚ್ಚು. ಮಕ್ಕಳ ಪಟ್ಟಿಯಲ್ಲಿ ನಾಡಿನ ಪ್ರಾಣಿಯೊಂದಾದರೂ ಇರುವಂತೆ ಹಿರಿಯರು ನೋಡಿಕೊಳ್ಳಬೇಕು.

ಹಿಂದಿನ ರಾತ್ರಿ ಮಕ್ಕಳಿಗೆ ನಿದ್ದೆ ಬರುವುದಿಲ್ಲ. ಆ ಹೊತ್ತನ್ನು ಮಾತಿನ ಆಟಕ್ಕೆ ಬಳಸಿಕೊಳ್ಳಬಹುದು. ನನ್ನದು ಪಂಡಿತರ ಕಸಬಾದ್ದರಿಂದ ನಾನು ಶಬ್ದಗಳನ್ನು ಹಿಡಿದುಕೊಂಡೆ. ಇಂದಿನ ಹುಲಿ ಹಳಗನ್ನಡದಲ್ಲಿ ಪುಲಿ. ಹಾವು ಪಾವು, ಹಕ್ಕಿ ಪಕ್ಕಿ, ಹಂದಿ ಪಂದಿ. ಪಕಾರ ಹಕಾರವಾದ ಈ ಗುಟ್ಟು ತಿಳಿದ ಮೇಲೆ ಮಕ್ಕಳು ಮನೆಯ ಸಾಮಾನುಗಳನ್ನೆಲ್ಲ ಹಳಗನ್ನಡಕ್ಕೆ ತಿರುಗಿಸತೊಡಗಿದರು: ಹಾಲು ಪಾಲು, ಹಲ್ಲು ಪಲ್, ಹತ್ತು ಪತ್ತು. ಮೃಗವೆಂಬ ಮಾತೂ ಸ್ವಾರಸ್ಯವಾದದ್ದು. ಈಗ ನಾವು ಯಾರನ್ನಾದರೂ ಮೃಗವೆಂದರೆ ಅದು ಬೈಗುಳ. ಸಂಸ್ಕೃತದ ಕವಿಗಳಿಗಾದರೋ ಮೃಗವೆಂದರೆ ಹೆಚ್ಚಾಗಿ ಜಿಂಕೆ. ಮೃಗನಯನೆ ಎಂದರೆ ಹುಲಿಗಣ್ಣಿನವಳಲ್ಲವಷ್ಟೆ! ಆ ಶಬ್ದದ ಧಾತುವಿಗೆ ಅರಸು, ಹುಡುಕು ಎಂದು ಅರ್ಥ. ಮೃಗಾಲಯದಲ್ಲಿ ನಾವು ಮಾಡಬೇಕಾದ ಕೆಲಸವೂ ಅದೇ: ಪೊದೆಯ ನೆರಳಲ್ಲಿ, ಕೊಂಬೆಯ ಮರೆಯಲ್ಲಿ ಕಣ್ಣಿಟ್ಟು ಅರಸುವುದು.

ಹೊರೆಯ ವಿಚಾರ. ನಮ್ಮ ಮೊದಲ ಭೇಟಿಯ ಐದು ಚೀಲ ಎರಡನೆಯದರಲ್ಲಿ ಒಂದಾಯಿತು. ಒಬ್ಬೊಬ್ಬರಿಗೊಂದು ಸ್ಟೀಲಿನ ನೀರಿನ ಬಾಟಲಿ, ತಲೆಗೆ ಟೋಪಿ ಅಥವಾ ಒಂದು ಕೊಡೆ, ಸವೆದು ಹದವಾದ ಚಪ್ಪಲಿ, ಒಂದು ಟವಲು, ಅಮ್ಮನ ಮಾತ್ರೆ, ಒಂದು ನೋಟುಪುಸ್ತಕ, ಎರಡು ಸೀಸದ ಕಡ್ಡಿ. ಹೊಸ ಬೂಟನ್ನು ಪ್ರವಾಸದ ದಿನ ತೊಡಿಸುವ ತಪ್ಪನ್ನು ಯಾರೂ ಮಾಡಬಾರದು. ಮೃಗಾಲಯದೊಳಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ಒಯ್ಯುವುದು ಸಲ್ಲದು. ಗಾಳಿಗೆ ಹಾರಿಬಿದ್ದ ಒಂದು ಚೀಲ ಜಿಂಕೆಯ ಹೊಟ್ಟೆ ಸೇರಿದರೆ ಅದು ಕರಗದೆ ಕುಳಿತು ಪ್ರಾಣವನ್ನೇ ತೆಗೆಯುತ್ತದೆ. ಬುತ್ತಿಯ ಗಂಟನ್ನೂ ಒಳಗೆ ಹೊರುವುದು ಬೇಡ. ಬೆಳಿಗ್ಗೆ ಹೊಟ್ಟೆತುಂಬ ತಿಂಡಿ ತಿಂದು ಹೊರಟು, ಊಟವನ್ನು ಹೊರಬಂದ ಮೇಲೆ ಇಟ್ಟುಕೊಂಡರೆ ಕೈಯೂ ಹಗುರ, ಕೋತಿಗಳಿಗೆ ಕಡಲೆಕಾಯಿ ಎಸೆಯುವ ಆಸೆಯೂ ಹುಟ್ಟದು. ಅಲ್ಲಿನ ಪ್ರತಿಯೊಂದು ಪ್ರಾಣಿಗೂ ಇಂತಿಷ್ಟು ಆಹಾರವೆಂದು ಅಳೆದು ಕೊಡುತ್ತಾರೆ. ನಾವು ಪ್ರೀತಿಯಿಂದ ಎಸೆದ ಬಿಸ್ಕತ್ತು ಅವಕ್ಕೆ ಕಾಯಿಲೆಯಾಗಬಹುದು.

ನಡೆಯಲಾರದವರಿಗೆ ಮೃಗಾಲಯದಲ್ಲಿ ವಿದ್ಯುತ್ ಬ್ಯಾಟರಿಯಿಂದ ಓಡುವ ಸಣ್ಣ ಗಾಡಿಗಳಿವೆ. ಹಣ ಕೊಟ್ಟು ಹತ್ತಬೇಕು. ಮೊದಲ ಸಲವೂ ಅವು ಅಲ್ಲಿದ್ದುವು. ವಿಚಾರಿಸುವಷ್ಟು ವ್ಯವಧಾನ ನನಗಿರಲಿಲ್ಲ, ಅಷ್ಟೆ. ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಎರಡನೆಯ ಸಲ ಅಮ್ಮನೂ ಮೊಮ್ಮಗನೂ ಗಾಡಿ ಹತ್ತಿದರು. ದೂರದ ಭಾಗಗಳನ್ನು ಹಾಗೆ ಮುಗಿಸಿ, ಹತ್ತಿರದವನ್ನು ಎಲ್ಲರೂ ಕೂಡಿ ನಡೆದೆವು. ಇಂತಿಷ್ಟು ದೂರಕ್ಕೊಮ್ಮೆ ನೆರಳಿನಲ್ಲಿ ಕೂರಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ನಡೆಯುವ ವೇಗವನ್ನು ಅತ್ಯಂತ ನಿಧಾನ ನಡೆಯುವವರಿಗೆ ಒಪ್ಪಿಸಿಬಿಡಬೇಕು. ಮುಂದೆ ಓಡುವ ಮಕ್ಕಳನ್ನು ತಡೆಯಲು ಗದರಬೇಕಾಗಿಲ್ಲ. ಅಜ್ಜಿಯ ಕೈಹಿಡಿದು ನಡೆಸುವ ಕೆಲಸವನ್ನು ಅವರಿಗೇ ಸರದಿಯ ಮೇಲೆ ಕೊಟ್ಟರೆ ಸಾಕು.

ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ ಎಂದರೆ ಈ ಪತ್ರಿಕೆಯ ವಾಚಕರಿಗೆ ವಿಚಿತ್ರವೆನಿಸಲಾರದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪ್ರಸಾರಕೇಂದ್ರವನ್ನು ಆರಂಭಿಸಿದ್ದು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಸಂದದ್ದು ಇದೇ ಊರಿನಲ್ಲಿ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕಾಣುವ ಅಭ್ಯಾಸ ನಮ್ಮದು. ನೆರಳಿನಲ್ಲಿ ಕುಳಿತಾಗ ಎರಡು ನಿಮಿಷ ಕಣ್ಣು ಮುಚ್ಚಿ ಕೇಳುವಂತೆ ಮಕ್ಕಳಿಗೆ ಹೇಳಿದೆ. ನವಿಲಿನ ಕೂಗು, ಗಿಳಿಗಳ ಜಗಳ, ಎಲ್ಲಿಯೋ ಒಂದು ಸಿಂಹದ ಗರ್ಜನೆ. ಅನುಕೂಲವಾದ ಹೊತ್ತಿನಲ್ಲಿ ಸಿಂಹದ ದನಿ ಎಂಟು ಕಿಲೋಮೀಟರಿನವರೆಗೂ ಕೇಳುತ್ತದೆ. ಗದ್ದಲ ಮಾಡಬಾರದೆಂದು ಹತ್ತು ಸಲ ಹೇಳುವುದಕ್ಕಿಂತ ಹೀಗೆ ಒಮ್ಮೆ ಕೇಳಿಸುವುದು ಮೇಲು. ಕೇಳುವವನು ತಾನಾಗಿಯೇ ಸುಮ್ಮನಾಗುತ್ತಾನೆ.

ಹುಲಿಯ ಮುಂದೆ ನಾವು ಇಪ್ಪತ್ತು ನಿಮಿಷ ನಿಂತೆವು. ಎರಡು ಹುಲಿಗಳ ಪಟ್ಟೆ ಎಂದಿಗೂ ಒಂದೇ ಬಗೆಯಾಗಿರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ, ಎಂದು ಹೇಳಿದೆ. ಮೊಮ್ಮಗ ನೋಟುಪುಸ್ತಕದಲ್ಲಿ ಪಟ್ಟೆಗಳನ್ನು ಬರೆದುಕೊಳ್ಳಲು ಹೊರಟು, ಹುಲಿ ಅಡ್ಡಾಡುತ್ತಿದ್ದುದರಿಂದ ಮೂರು ಸಲ ಅಳಿಸಿದ. ಬಳಿಕ ಮೆಲ್ಲನೆ, "ತಾತ, ಇದು ಅರ್ಬುತನೇ?" ಎಂದ. ಗೋವಿನ ಹಾಡಿನ ಹುಲಿಯ ಹೆಸರು ಅದು. ಅರ್ಬುತ ಈಗ ಇಲ್ಲ, ಇದು ಅವನ ಪೈಕಿಯದಿರಬಹುದು ಎಂದೆ. ಕಳೆದ ವರ್ಷದ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ. "ಇದೇನು ತಪ್ಪು ಮಾಡಿತ್ತು ಅಂತ ನೀನು ಹೇಳಲೇ ಇಲ್ಲ" ಎಂದ. ಮಧ್ಯಾಹ್ನ ಹೇಳುತ್ತೇನೆಂದು ಮತ್ತೆ ವಾಯಿದೆ ಕೇಳಿದೆ.

ಕಾಟಿಯ ಆವರಣದ ಮುಂದೆ ಗಾಡಿಯಿಂದಿಳಿದ ಅಮ್ಮ ಕಟಕಟೆ ಹಿಡಿದು ನಿಂತಳು. ದೊಡ್ಡ ಗೂಳಿ, ಹೊಳೆಯುವ ಕಪ್ಪು ಮೈ, ಎತ್ತಿದ ಬೆನ್ನು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತೆ ಬಣ್ಣ. ಕಾಡಿನ ದನದ ಜಾತಿಗಳಲ್ಲೆಲ್ಲ ಇದೇ ದೊಡ್ಡದು, ಪೂರ್ತಿ ಬೆಳೆದ ಗಂಡು ಸಾವಿರ ಕಿಲೋ ತೂಗುವುದುಂಟು ಎಂದು ನಾನು ವಿವರಿಸಹೊರಟೆ. ಅವಳು ಕೇಳುತ್ತಿರಲಿಲ್ಲ. "ಗದ್ದೆಗೆ ಬರುತ್ತಿದ್ದುವು. ಗಂಡಸರು ರಾತ್ರಿಯೆಲ್ಲ ಡಬ್ಬ ಬಡಿದು, ಬೆಂಕಿ ಹಾಕಿ ಕೂರುತ್ತಿದ್ದರು. ನಾನು ಹತ್ತಿರದಿಂದ ಕಂಡದ್ದು ಒಂದೇ ಸಲ. ಕೊಟ್ಟಿಗೆಯ ಹಿಂದೆ, ಇನ್ನೂ ಬೆಳಕು ಹರಿದಿರಲಿಲ್ಲ" ಎಂದಳು. "ಓಡಲಿಲ್ಲವಾ ಮುತ್ತಜ್ಜಿ?" ಎಂದು ಹುಡುಗ ಕೇಳಿದ. "ಅದೂ ಓಡಲಿಲ್ಲ, ನಾನೂ ಓಡಲಿಲ್ಲ. ಒಂದಿಷ್ಟು ಹೊತ್ತು ನೋಡಿತು, ಹೋಯಿತು." ಐವತ್ತೇಳು ವರ್ಷ ಅವಳ ಮಗನಾಗಿದ್ದರೂ ಈ ಸಂಗತಿ ನನಗೆ ತಿಳಿದದ್ದು ಅಂದೇ. ಕಲ್ಲುಬೆಂಚಿನ ಮೇಲೆ ಕೂರಿಸಿ ಹೋದ ವರ್ಷ ನಾವು ಕಳೆದುಕೊಂಡದ್ದು ಏನೆಂಬುದೂ ಅಲ್ಲಿಯೇ ತಿಳಿಯಿತು.

ಹನ್ನೊಂದೂವರೆಯ ಹೊತ್ತಿಗೆ ಹೊರಬಂದೆವು. ಪಟ್ಟಿಯಲ್ಲಿದ್ದ ಮೊಸಳೆ ಉಳಿದೇಹೋಯಿತು. ಅದು ನನ್ನದಾದ್ದರಿಂದ ಯಾರೂ ಅಳಲಿಲ್ಲ. ಈ ಹೊತ್ತಿನಲ್ಲಿ ಮಕ್ಕಳು ದಣಿದಿರುತ್ತಾರೆ, ತಾವು ದಣಿದಿದ್ದೇವೆಂದು ಅವರಿಗೆ ಗೊತ್ತಿರುವುದಿಲ್ಲ. ಊಟ ಮಾಡಿಸಿ, ಒಂದು ಗಂಟೆ ಎಲ್ಲಿಯಾದರೂ ನೆರಳಿನಲ್ಲಿ ಒರಗಲು ಬಿಡಬೇಕು. ಸಂಗ್ರಹಾಲಯ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ. ಎರಡು ಗಂಟೆಯ ಸುಮಾರಿಗೆ ಕೆರೆಯನ್ನು ಬಳಸಿ ಆಟೋದಲ್ಲಿ ಅಲ್ಲಿಗೆ ಹೋದರೆ ಉರಿಬಿಸಿಲು ಮಾಡಿನ ಕೆಳಗೆ ಕಳೆಯುತ್ತದೆ.

ಮೃಗಾಲಯ ಮೊದಲು, ಸಂಗ್ರಹಾಲಯ ಅನಂತರ ಎಂದು ನಾನು ಹೇಳುವುದಕ್ಕೆ ಕಾರಣವಿದು. ಮೃಗಾಲಯದಲ್ಲಿ ಪ್ರಾಣಿಗಳು ಒಂಟಿಯಾಗಿ ಕಾಣುತ್ತವೆ. ಹುಲಿ ಒಂದು ಕಡೆ, ಜಿಂಕೆ ಒಂದು ಕಡೆ, ಹಾವು ಒಂದು ಕಡೆ. ಪದಕೋಶದಲ್ಲಿ ಶಬ್ದಗಳಿರುವಂತೆ ಅವು ಸಾಲಾಗಿವೆ. ಆದರೆ ಶಬ್ದಗಳಿಂದ ವಾಕ್ಯವಾಗುವುದು ಹೇಗೆಂಬುದು ಪದಕೋಶದಲ್ಲಿ ತಿಳಿಯದು. ಆ ವಾಕ್ಯವನ್ನು ತೋರಿಸುವುದು ಸಂಗ್ರಹಾಲಯ. ಕಾಡಿನ ಮಾದರಿಗಳು, ಚಿತ್ರಗಳು, ಬೆಳಕಿನ ಫಲಕಗಳ ಮೂಲಕ ಹುಲ್ಲನ್ನು ಜಿಂಕೆ, ಜಿಂಕೆಯನ್ನು ಹುಲಿ, ಸತ್ತ ಹುಲಿಯನ್ನು ಮಣ್ಣು, ಆ ಮಣ್ಣನ್ನು ಮತ್ತೆ ಹುಲ್ಲು ಉಣ್ಣುವ ಚಕ್ರವನ್ನು ಅಲ್ಲಿ ತೋರಿಸಿದ್ದಾರೆ. ಬೆಳಿಗ್ಗೆ ಜೀವಂತ ಪ್ರಾಣಿಯನ್ನು ಕಂಡ ಮಗುವಿಗೆ ಮಧ್ಯಾಹ್ನದ ಈ ಪಾಠ ತಾನಾಗಿ ಹಿಡಿಸುತ್ತದೆ. ಸಂಗ್ರಹಾಲಯವನ್ನೇ ಮೊದಲು ನೋಡಿಸಿದರೆ ಮಕ್ಕಳ ಮನಸ್ಸೆಲ್ಲ ಹುಲಿಯ ಕಡೆಗೇ ಓಡುತ್ತಿರುತ್ತದೆ. ಕಣ್ಣು ಕಾಣದ ಮಕ್ಕಳು ವಸ್ತುಗಳನ್ನು ಕೈಯಿಂದ ಮುಟ್ಟಿ ತಿಳಿಯುವುದಕ್ಕೂ ಇಲ್ಲಿ ಆಸ್ಪದವಿದೆ. ಅಂಥ ಮಗುವಿರುವ ಮನೆಯವರು ಅದನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿಲ್ಲ. ಸಿಬ್ಬಂದಿಯನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಸಾಕು. ರಜೆಯ ದಿನಗಳಲ್ಲಿ ಮಕ್ಕಳಿಗಾಗಿ ಚಿತ್ರ ಬರೆಯುವ ಸ್ಪರ್ಧೆಗಳೂ ಪ್ರಕೃತಿಪರಿಚಯದ ಶಿಬಿರಗಳೂ ನಡೆಯುವುದುಂಟು.

ದಕ್ಷಿಣದ ಕಾಡುಗಳನ್ನು ತೋರಿಸುವ ಭಾಗದಲ್ಲಿ ತಮ್ಮನ ಮಗಳು ಫಲಕಗಳನ್ನು ಓದಿ ಹೇಳುತ್ತಿದ್ದಳು. ಅಮ್ಮ ಕೇಳುತ್ತ ಕೇಳುತ್ತ ನಡುವೆ ಮಾತು ತೆಗೆದಳು. "ನಮ್ಮಪ್ಪ ಗದ್ದೆ ಮಾಡಿದ್ದು ಇಂಥ ಕಡೆಯೇ. ಮರ ಕಡಿಸಿದರು, ಸುಟ್ಟರು, ಆಮೇಲೆ ಉತ್ತರು. ಆ ಅನ್ನವನ್ನೇ ಉಂಡು ನಾನು ಬೆಳೆದದ್ದು." ಆಮೇಲೆ ಹುಡುಗನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಹುಲಿ ಏನೂ ತಪ್ಪು ಮಾಡಿಲ್ಲ ಕಣೋ ಮಗ. ಅದರ ಮನೆಯಲ್ಲಿ ನಾವು ಕೂತೆವು" ಎಂದಳು. "ಹಾಗಾದರೆ ವಾಪಸು ಕೊಟ್ಟುಬಿಡೋಣ" ಎಂದ ಅವನು. ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು.

ಒಂದು ವರ್ಷದ ಸಾಲವನ್ನು ನಾನು ಅಲ್ಲಿ ತೀರಿಸಿದೆ. ಮೃಗಾಲಯದ ಪ್ರಾಣಿಗಳಲ್ಲಿ ಬಹಳಷ್ಟು ಮೃಗಾಲಯಗಳಲ್ಲೇ ಹುಟ್ಟಿದುವು. ಬೇಟೆ ಕಲಿಯದ ಅವನ್ನು ಕಾಡಿಗೆ ಬಿಟ್ಟರೆ ಬದುಕುವುದು ಕಷ್ಟ. ಗಾಯಗೊಂಡು ಬಂದವು, ತಾಯಿಯನ್ನು ಕಳೆದುಕೊಂಡವು, ಸರ್ಕಸ್ಸಿನಿಂದ ಬಿಡಿಸಿ ತಂದವು ಇರುತ್ತವೆ. ಅಂಥವಕ್ಕಾಗಿ ಮೈಸೂರಿನ ಹತ್ತಿರ ಕೂರ್ಗಳ್ಳಿಯಲ್ಲಿ ಬೇರೊಂದು ಆಶ್ರಯಕೇಂದ್ರವೇ ಇದೆ. ಆದುದರಿಂದ ಇದು ಸೆರೆಮನೆಯೂ ಹೌದು, ಆಸ್ಪತ್ರೆಯೂ ಹೌದು, ಅನಾಥಾಲಯವೂ ಹೌದು. ಸೆರೆಯಲ್ಲವೆಂದು ಮಗುವಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಕೊಟ್ಟುಬಿಡೋಣ ಎಂದೆಯಲ್ಲ, ಕೊಡಬೇಕಾದದ್ದು ಇನ್ನೂ ಉಳಿದಿದೆ. 1973ರಲ್ಲಿ ಹುಲಿಗಳಿಗೆಂದು ಮೀಸಲಾದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು, ಅದು ಇಲ್ಲಿಂದ ಎಂಬತ್ತೇ ಕಿಲೋಮೀಟರು, ಅಲ್ಲಿನ ಹುಲಿಯ ಮನೆಯಲ್ಲಿ ಇನ್ನಾರೂ ಕೂರದಂತೆ ನೋಡಿಕೊಳ್ಳುವುದು ನಿನ್ನ ಕಾಲದವರ ಕೆಲಸ ಎಂದೆ. ಅವನಿಗೆ ಎಷ್ಟು ತಿಳಿಯಿತೋ. "ನಿನ್ನ ಕಾಲದವರು ಏನು ಮಾಡಿದಿರಿ?" ಎಂದು ಅವನು ಕೇಳಲಿಲ್ಲವೆಂಬುದೇ ನನ್ನ ಪುಣ್ಯ.

ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸವೂ ಯೋಜನೆಯ ಒಂದು ಭಾಗ. ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಬೇಡಿ. ಕನ್ನಡದ ಮೇಷ್ಟರೇ ಹೀಗೆ ಹೇಳುತ್ತಿದ್ದಾರೆಂದು ಆಶ್ಚರ್ಯಪಡಬೇಡಿ. ಬರೆಯಬೇಕೆಂದು ಗೊತ್ತಾದೊಡನೆ ಮಕ್ಕಳು ನೋಡುವುದನ್ನು ಬಿಟ್ಟು ಫಲಕಗಳನ್ನು ನಕಲು ಮಾಡತೊಡಗುತ್ತಾರೆ. ಊಟಕ್ಕೆ ಕುಳಿತಾಗ ಕಂಡ ಒಂದೊಂದು ಸಂಗತಿಯನ್ನು ಒಬ್ಬೊಬ್ಬರು ಹ್ರಸ್ವವಾಗಿ ಹೇಳಿದರೆ ಸಾಕು. ಹಿರಿಯರೂ ಹೇಳಬೇಕು. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ಒಂದು ಅವಧಿಗೆ ದತ್ತು ಪಡೆದು ಅವುಗಳ ಆಹಾರದ ವೆಚ್ಚವನ್ನು ಭರಿಸುವ ಏರ್ಪಾಡಿದೆ. ಆನೆ ಹುಲಿಗಳು ನಮ್ಮಂಥವರ ಕೈಗೆ ಎಟುಕಲಾರವು, ಸಣ್ಣ ಹಕ್ಕಿಗಳು ಎಟುಕುತ್ತವೆ. ಮಕ್ಕಳ ಹುಂಡಿಯ ಕಾಸನ್ನು ಅದಕ್ಕೆ ಸೇರಿಸಿದರೆ ಆ ಭೇಟಿ ಒಂದು ದಿನಕ್ಕೆ ಮುಗಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದರ ಸಾರ ಬಹಳ ಸಣ್ಣದು. ಮನೆಮಂದಿಯ ಭೇಟಿಗೆ ಪಟ್ಟಿ ಬರೆಯಲು ಕುಳಿತಾಗ, ನೋಡಬೇಕಾದ ಸ್ಥಳಗಳ ಹೆಸರನ್ನು ಮೊದಲು ಬರೆಯಬೇಡಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಹೆಸರನ್ನು ಮೊದಲು ಬರೆಯಿರಿ. ಅವರಿಗೆ ಒಪ್ಪುವ ಹೊತ್ತು, ಅವರಿಗೆ ಒಪ್ಪುವ ದೂರ, ಅವರು ಕಾಣಬೇಕೆಂದಿರುವ ಪ್ರಾಣಿ, ಇವುಗಳನ್ನು ಗೊತ್ತುಮಾಡಿದರೆ ಉಳಿದವರ ಅನುಕೂಲ ತಾನಾಗಿ ಅದರೊಳಗೆ ಅಡಗುತ್ತದೆ. ನಮ್ಮ ಮನೆಯಲ್ಲಿ ಮುಂದಿನ ಸಲದ ಪಟ್ಟಿ ಈಗಾಗಲೇ ಸಿದ್ಧವಾಗಿದೆ. ಅದರ ತಲೆಯಲ್ಲಿ ಅಮ್ಮನ ಹೆಸರಿದೆ, ಅದರ ಮುಂದೆ ಮೊಮ್ಮಗನ ವಕ್ರಾಕ್ಷರದಲ್ಲಿ "ಕಾಟಿ, ಇನ್ನೊಂದು ಸಲ" ಎಂದಿದೆ. ಎಲ್ಲಕ್ಕಿಂತ ಕೆಳಗೆ, ಜಾಗವಿದ್ದರೆ ಎಂಬಂತೆ, ನನ್ನ ಮೊಸಳೆಯೂ ಇದೆ.